ನೂರಾ ಹನ್ನೆರಡನೆಯ ಪುಟದ ನಗೆಗಾರ

ಕೊಟ್ಟೂರು
೧೨ ಫೆಬ್ರವರಿ ೨೦೨೫

ಗೆಳೆಯ ಅರುಣ,

ನಾನು ಕ್ಷೇಮ. ನೀನೂ ಕ್ಷೇಮವೆಂದು ಪುಸ್ತಕದ ಬೆನ್ನಿಗಿರುವ ನಿನ್ನ ಫೋಟೋ ಹೇಳುತ್ತಿದೆ. ಕಾದಂಬರಿ ತಲುಪಿ ತಿಂಗಳಾಯಿತು, ತಡವಾದದ್ದಕ್ಕೆ ಕ್ಷಮೆಯಿರಲಿ. ಸಿಟ್ಟು ಇಳಿಯಲೆಂದು ಕಾದೆ. ಇಳಿಯಲಿಲ್ಲ.

ನಿನ್ನ ನಾಯಕ ಇನ್ನೂರು ಪುಟ ಒಂಟಿ. ಈ ಒಂಟಿ ಮನುಷ್ಯ ದಿನಾ ಸಂಜೆ ನಮ್ಮೂರ ಸ್ಟೇಷನ್ನಿನ ಬೆಂಚಿನಲ್ಲಿ ಗೆಳೆಯನ ಪಕ್ಕ ಕೂತು, ಗೆಳೆಯನ ಮಂಡಕ್ಕಿಯಲ್ಲಿ ಅರ್ಧ ತಿನ್ನುತ್ತಾನೆ. ಅವನಿಗೆ ಅಸ್ತಿತ್ವದ ಚಿಂತೆ. ಗೆಳೆಯನಿಗೋ ಆಸ್ತಿಯೂ ಇಲ್ಲ, ಅಸ್ತಿತ್ವವೂ ಇಲ್ಲ, ಹೆಸರೂ ಇಲ್ಲ, ಬರೀ ‘ನಗೆಗಾರ’. ಹನ್ನೊಂದು ಸಲ ಬರುತ್ತೇನೆ, ಹನ್ನೊಂದು ಸಲವೂ ನಗುತ್ತೇನೆ. ಎಣಿಸಿದ್ದೇನೆ.

ಸ್ಟೇಷನ್ ಹೊರಗೆ ಮಿರ್ಚಿ ಕರಿಯುವ ಈರಕ್ಕ, ತನ್ನ ಹೆಸರು ಯಾವ ಪುಟದಲ್ಲಿದೆ ಎಂದು ಕೇಳಿದಳು. ‘ಮಿರ್ಚಿ ಮಾರುವ ಹೆಂಗಸು’ ಅಂತಿದೆ ಎಂದೆ. ಬಾಣಲೆಯಿಂದ ಕಣ್ಣೆತ್ತದೆ ಅಂದಳು: “ಎರಡು ವರ್ಷ ನನ್ನ ಕೈಯಾಗ ತಿಂದಾನ. ಹೆಸರು ಕೇಳಬೇಕನಿಸಲಿಲ್ಲೇನು ಆತಗ?”

ಪುಟ ೧೧೨: ‘ನಗೆಗಾರ ಪುಣ್ಯವಂತ. ಅವನು ಯಾರಿಗಾಗಿಯೂ ಕಾಯಬೇಕಿರಲಿಲ್ಲ.’ ಇದನ್ನೋದಿ ಪುಸ್ತಕವನ್ನು ಗೋಡೆಗೆ ಬೀಸಿ ಒಗೆದೆ. ಗೋಡೆಯ ಸುಣ್ಣ ಉದುರಿತು, ಪುಸ್ತಕಕ್ಕೆ ಏನೂ ಆಗಲಿಲ್ಲ. ಬೈಂಡಿಂಗ್ ಗಟ್ಟಿಯಿದೆ, ಪ್ರಕಾಶಕರಿಗೆ ತಿಳಿಸು.

ಬಿಡುಗಡೆಗೆ ಬಂದು ನಾಲ್ಕು ಜೋಕು ಹೇಳೆಂದು ಬರೆದಿದ್ದೀಯ. ಬರುವುದಿಲ್ಲ. ಹನ್ನೆರಡನೆಯ ನಗೆ ನಿನಗೆ ಸಿಗದು. ಎರಡನೆಯ ಮುದ್ರಣವಾದರೆ ಆ ಸಾಲು ಹೊಡೆದುಹಾಕು.

ಕೈ ಚೆನ್ನಾಗಿದೆ ನಿನ್ನದು. ಕಣ್ಣನ್ನೂ ಕೊಟ್ಟೂರೇಶ ಹಾಗೇ ಮಾಡಲಿ.

ನಿನ್ನ
ಓಬಳೇಶ

ತಾ.ಕ.: ನೀನು ಬೆಂಚಿನಿಂದ ಎದ್ದು ಹೋಗುತ್ತಿದ್ದದ್ದು ಸಂಜೆಯ ಗಾಡಿ ಬರುವ ಮುಂಚೆ. ನೀನು ಏಳಲೆಂದೇ ನಾನು ಕೊನೆಯ ಜೋಕು ಹೇಳುತ್ತಿದ್ದೆ. ಆ ಗಾಡಿಯಲ್ಲಿ ನನ್ನ ಯಶೋಧಾ ಬರಬೇಕಿತ್ತು. ಹೆರಿಗೆಗೆಂದು ಹರಪನಹಳ್ಳಿಯ ತವರಿಗೆ ಹೋಗಿದ್ದಳಲ್ಲ, ಕೂಸು ನಾಲ್ಕೇ ದಿನ ಉಳಿಯಿತು. ನಾನು ಹೇಳಲಿಲ್ಲ, ನೀನು ಕೇಳಲಿಲ್ಲ. ಬಾಣಂತಿಯನ್ನು ತವರಿನವರೇ ತಂದು ಬಿಡಬೇಕು, ಗಂಡ ಕರೆಯಲು ಹೋಗಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಕೂಸೇ ಇಲ್ಲದ ಮೇಲೆ ಯಾವ ಪದ್ಧತಿ? ಆದರೂ ಎರಡು ವರ್ಷ ಸ್ಟೇಷನ್ನಿನಲ್ಲಿ ಕೂತೆ. ನಾನು ಬರುತ್ತೇನೆಂದು ಅವಳೂ ಅತ್ತ ಹರಪನಹಳ್ಳಿಯಲ್ಲಿ ಕಾದಳಂತೆ. ಈಗ ಕಾಯುತ್ತಿಲ್ಲ. “ಲೇ, ಹೋಗಿ ಕರಕೊಂಡು ಬಾರಲೇ” ಅನ್ನಲು ಆ ಬೆಂಚಿನ ಮೇಲೆ ನೀನೊಬ್ಬನೇ ಇದ್ದೆ.