ಒಂದು ಕೈಬೀಸು ಮೊದಲೇ

ಹದಿನಾಲ್ಕು, ಗುರುವಾರ.

ನಾಳೆ ತಂಗಿಯ ಮೊದಲ ಅಂತರರಾಷ್ಟ್ರೀಯ ಸ್ಪರ್ಧೆ. ಆರು ವರ್ಷದ ಹಿಂದೆ ಶಾಲೆಯ ಕೊಳದಲ್ಲಿ ಶುರುವಾದದ್ದು ಇಲ್ಲಿಗೆ ಬಂದಿದೆ. ಅವಳಿಗೆ ಕಣ್ಣು ಕಾಣಿಸುವುದಿಲ್ಲ. ಗೋಡೆ ಹತ್ತಿರವಾದಾಗ ಉದ್ದ ಕೋಲಿನಿಂದ ತಲೆ ತಟ್ಟಿ ಎಚ್ಚರಿಸುವುದು ನನ್ನ ಕೆಲಸ. ಆ ತಟ್ಟು ನೀರಿನಲ್ಲಿ ಹೇಗಿರುತ್ತದೆ? ತಿಳಿಯಬೇಕೆನಿಸಿ ಇವತ್ತು ಬೆಳಕೇ ತೂರದ ಅವಳ ಕಪ್ಪು ಈಜುಕನ್ನಡಕ ಹಾಕಿಕೊಂಡು ನಾನೇ ಇಳಿದೆ. ಕೋಲು ಅವಳ ಕೈಯಲ್ಲಿ. ನೀರಿನ ಸದ್ದು ಕೇಳಿಯೇ ತಟ್ಟುತ್ತೇನೆ ಅಂದಳು.

ಅರ್ಧ ದಾರಿಗೇ ಜೀವ ಬಾಯಿಗೆ ಬಂತು. ಗೋಡೆ ಈಗ ಬಂತು, ಈಗ ಬಂತು ಎಂದು ಕೈ ಮುದುಡಿಕೊಂಡೇ ಸಾಗಿದೆ. ಕೋಲು ತಲೆಗೆ ತಾಗಿದ ಮರುಕ್ಷಣವೇ ಬೆರಳಿಗೆ ಗೋಡೆ.

"ಇಷ್ಟು ತಡವಾಗಿ ತಟ್ಟೋದಾ?" ಎಂದು ರೇಗಿದೆ.

"ಇದೇ ಸರಿ ಅಕ್ಕಾ. ನೀನೇ ಯಾವಾಗಲೂ ಒಂದು ಕೈಬೀಸು ಮೊದಲೇ ತಟ್ತೀಯ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನಿನಗೆ ಭಯ ಅಲ್ವಾ, ಪಾಪ. ನಾಳೆ ಸ್ವಲ್ಪ ತಡ್ಕೋ."

ಭಯ ನನಗಂತೆ.

ಈಗಷ್ಟೇ ಅವಳು ಪಕ್ಕದ ಮಂಚದಲ್ಲಿ ಮಲಗಿಕೊಂಡೇ ಕೈಬೀಸು ಎಣಿಸುತ್ತಿದ್ದಳು. ಇಪ್ಪತ್ತಕ್ಕೆ ಸರಿಯಾಗಿ ನಾನು ಕೋಲಿನಿಂದ ಅವಳ ದಿಂಬು ತಟ್ಟಬೇಕು. ಪ್ರತಿ ಸಲವೂ, "ಮತ್ತೆ ಬೇಗ." ಕೊನೆಯ ಸಲ ಹದಿನೆಂಟಕ್ಕೇ ಅವಳಿಗೆ ನಿದ್ದೆ ಹತ್ತಿತು. ನೋಡಿದರೆ ಕೋಲು ಆಗಲೇ ದಿಂಬಿನ ಮೇಲಿತ್ತು.