ಹಿನಾಳ ಬಳೆ ಸದ್ದು

೪ ನವೆಂಬರ್ ೨೦೨೫, ಮಂಗಳವಾರ

ಬೆಳಿಗ್ಗೆ ಶುಗರ್ ೨೬೨. ಬರೆಯದೆ ಬಿಡಬಹುದಿತ್ತು, ಬರೆದೆ. ಇನ್ಸುಲಿನ್ ಹದಿನಾಲ್ಕು. ಏಳುವಾಗ ಬಲಗೈ ಮತ್ತೆ ಜೋಮು. ಝಾಡಿಸಿದೆ, ಹೋಯಿತು. ಮಲಗಿದ ಮಗ್ಗುಲು ಸರಿ ಇರಲಿಲ್ಲ, ಅಷ್ಟೇ.

ದೇವಿಯ ಗುಡ್ಡಕ್ಕೆ ಹೋಗಿಬಂದವರೆಲ್ಲ ಹಸಿರು ಬಳೆಗೆ ನಮ್ಮ ಅಂಗಡಿಗೇ. ಗಿರಾಕಿಯ ಎದುರಿನ ಮಣೆ ನನ್ನದು, ಎಂಟನೇ ಇಯತ್ತೆಗೆ ಸಾಲಿ ಬಿಟ್ಟಾಗಿನಿಂದ. ಕೈ ಹಿಡಿದ ಕೂಡಲೇ ಸೈಜು ಹೇಳುತ್ತಿದ್ದೆ. ಇವತ್ತು ಅಮ್ಮಿ ಆ ಮಣೆಯ ಮೇಲೆ ಹಿನಾಳನ್ನು ಕೂರಿಸಿದಳು. ನನ್ನ ಅಣ್ಣ ಏಜಾಜ ಭಾಯಿಯ ಹೆಂಡತಿ. ಬೈಲಹೊಂಗಲದಿಂದ ಬಂದು ಏಳು ತಿಂಗಳು. ಬಿ.ಎ. ಓದಿದವಳು. ನನಗೆ ಡಬ್ಬಿ ಎತ್ತಿಕೊಡುವ ಕೆಲಸ.

ಅವಳ ಬಳೆಗಳು ಮೊಣಕೈತನಕ ಜಾರಿ ಮತ್ತೆ ಕೆಳಗೆ ಬರುತ್ತವೆ. ದಿನವಿಡೀ ಝಣಝಣ. ಬೇಕಂತಲೇ ಕೈ ಆಡಿಸುತ್ತಾಳೆ.

೯ ನವೆಂಬರ್

ಒಂದು ಡಜನ್ ಗಾಜಿನ ಬಳೆ ಬಿತ್ತು. ನನ್ನ ಕೈಯಿಂದ. ಹಿಡಿದಿದ್ದೇನೆ ಅಂದುಕೊಂಡಿದ್ದೆ — ಹಿಡಿದಿರಲಿಲ್ಲ. ಅಮ್ಮಿ ನಮಾಜು ಮುಗಿಸಿ ಬಂದು, ಚೂರು ನೋಡಿ ಹಿನಾಳನ್ನು ಬೈದಳು. ಹಿನಾ ನನ್ನ ಮುಖ ನೋಡಿದಳು. ತಪ್ಪಾಯಿತು ಎಂದಳು. ನಾನು ಕಸಬರಿಗೆ ತಂದೆ.

ಸುಳ್ಳು ಹೇಳಲಿಲ್ಲ, ಸುಮ್ಮನಿದ್ದೆ. ಎರಡೂ ಒಂದೇ, ಗೊತ್ತು. ಅವಳು ಬೈಸಿಕೊಳ್ಳುವಾಗ ಖುಷಿಯಾಯಿತು. ಅದೂ ನಿಜ.

೧೪ ನವೆಂಬರ್

ಮನೋಳಿಯಿಂದ ರಾಚವ್ವ ಬಂದಿದ್ದಳು. ಮಗಳು ಮೀನಾಳ ಮದುವೆ. ಇಪ್ಪತ್ಮೂರಕ್ಕೆ ಮನೆಗೇ ಬಂದು ಬಳೆ ಇಡಬೇಕಂತೆ. ಮೀನಾ ಸಾಲಿಯಲ್ಲಿ ನನ್ನ ಬೆಂಚಿನವಳು. ಆದರೂ ಅಮ್ಮಿ ಹಿನಾಳನ್ನು ಕಳಿಸುತ್ತೇನೆ ಎಂದಳು.

ರಾಚವ್ವ ಹೋದ ಮೇಲೆ ಕೇಳಿಬಿಟ್ಟೆ. ‘ನಿನ್ನ ಹೊಟ್ಟ್ಯಾಗ ಹುಟ್ಟಿದಾಕಿ ನಾನೊ, ಆಕಿನೊ?’

ಅಮ್ಮಿ ಅಂದದ್ದು ಇಷ್ಟೇ. ‘ಬಲಗೈ ಇಲ್ಲಿ ತಾ, ನೋಡೂಣು.’

ಕೊಡಲಿಲ್ಲ.

ಕೊನೆಗೆ ಹಿನಾಳೇ ಹೇಳಿದಳಂತೆ — ಫರೀನ್ ಇಡಲಿ, ನಾನು ಜೊತೆಗೆ ಹೋಗುತ್ತೇನೆ ಅಂತ. ನನ್ನದೇ ಕೆಲಸ ನನಗೆ ದಾನ ಕೊಟ್ಟಳು.

೨೩ ನವೆಂಬರ್, ಸಂಜೆ

ಮೀನಾಳ ಬಲಗೈ ಹಿಡಿದೆ. ಸೈಜು ತಿಳಿಯಲಿಲ್ಲ. ನನ್ನ ಬೆರಳಿಗೆ ಬಟ್ಟೆ ಸುತ್ತಿದ ಹಾಗೆ. ಸುತ್ತ ಹೆಂಗಸರು. ಅಂದಾಜಿನ ಮೇಲೆ ಎರಡು-ನಾಲ್ಕರ ಸೈಜು ತೆಗೆದೆ. ಹೆಬ್ಬೆರಳ ಬುಡ ಒತ್ತಿ ಏರಿಸಿದೆ. ಎರಡು ಹೋದವು. ಮೂರನೆಯದು ಚಟ್ ಎಂದಿತು. ಮತ್ತೊಂದು ತೆಗೆದುಕೊಂಡೆ.

ಮೀನಾ ಮೆಲ್ಲಗೆ ಅಂದಳು, ‘ಫರೀನ್, ನಿಂದ್ರು. ಈ ರಕ್ತ ಯಾರ್ದು?’

ಅವಳ ಅಂಗೈ ಕೆಂಪು. ಅವಳದಲ್ಲ. ನನ್ನ ತೋರುಬೆರಳಲ್ಲಿ ಗಾಜು ಇಳಿದಿತ್ತು. ನೋವೇ ಇಲ್ಲ.

ರಾಚವ್ವನ ಮುಖ ಸಣ್ಣದಾಯಿತು. ಮದುವೆ ಮನೆಯಲ್ಲಿ ಒಡೆದ ಬಳೆ, ಮೇಲೆ ರಕ್ತ. ಹಿನಾ ದುಪಟ್ಟಾದಿಂದ ನನ್ನ ಬೆರಳು ಒತ್ತಿ ಹಿಡಿದು ಹೇಳಿದಳು, ‘ಬಳಿ ಡಬ್ಬ್ಯಾಗನ ಸೀಳಿತ್ತರಿ ಕಾಕು. ನಾ ನೋಡಿ ತರಬೇಕಿತ್ತು.’

ಮತ್ತೆ ನನ್ನ ತಪ್ಪು ಅವಳ ಮೈಮೇಲೆ. ಒಂದು ಸೈಜು ದೊಡ್ಡದು, ಎರಡು-ಆರು ತೆಗೆದು ಎಡಗೈಗೆ ಅವಳೇ ಇಟ್ಟಳು. ಒಂದೂ ಒಡೆಯಲಿಲ್ಲ. ಮೀನಾ ಎಡಗೈಯನ್ನೇ ಎತ್ತಿ ಎಲ್ಲರಿಗೂ ತೋರಿಸಿದಳು.

ಒಳ್ಳೆಯತನದಲ್ಲೂ ನನಗಿಂತ ಮುಂದೆ. ಅದಕ್ಕೇ ಹೆಚ್ಚು ಉರಿಯುತ್ತದೆ. ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಕೂತೆ. ಕಿವಿಗೆ ಬರೀ ಅವಳ ಬಳೆ ಸದ್ದು.

೨೫ ನವೆಂಬರ್

ಕಾರ್ಪಲ್ ಟನಲ್ ಅಂತೆ. ಮಣಿಕಟ್ಟಿನೊಳಗೆ ಇಕ್ಕಟ್ಟಾದ ದಾರಿ, ಅಲ್ಲಿ ನರ ಸಿಕ್ಕಿಕೊಂಡಿದೆ. ಶುಗರ್ ಇದ್ದವರಿಗೆ ಹೆಚ್ಚು. ನನಗೆ ಹನ್ನೆರಡನೇ ವಯಸ್ಸಿನಿಂದ ಇದೆ. ಮೇಲೆ ದಿನವಿಡೀ ಕೈ ಹಿಂಡುವ ಕೆಲಸ. ಈಗ ಕಿರುಬೆರಳೊಂದೇ ಪೂರ್ತಿ ನನ್ನದು.

ಎಷ್ಟು ದಿನದಿಂದ ಎಂದು ಡಾಕ್ಟರ್ ಕೇಳಿದರು. ನನಗೆ ಗೊತ್ತಿರಲಿಲ್ಲ. ಅಮ್ಮಿಗೆ ಗೊತ್ತಿತ್ತು.

‘ಬಕ್ರೀದಿನಿಂದರಿ. ಚಾದ ಕಪ್ಪ ಎರಡೂ ಕೈಲೆ ಹಿಡಿತಾಳ್ರಿ.’

ಅದಕ್ಕೇ ಮಣೆ ಬಿಡಿಸಿದ್ದು. ಮೊದಲೇ ಹೇಳಿದ್ದರೆ... ನಾನು ಕೇಳುತ್ತಿರಲಿಲ್ಲ.

ಮಣಿಕಟ್ಟಿಗೆ ಪಟ್ಟಿ ಕಟ್ಟಿದ್ದಾರೆ. ಧಾರವಾಡದಲ್ಲಿ ನರದ ಟೆಸ್ಟ್. ಆಮೇಲೆ ಬಹುಶಃ ಆಪರೇಷನ್. ಪೆನ್ನು ಜಾರುತ್ತಿದೆ.

೧೩ ಜನವರಿ ೨೦೨೬

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಒಂದನೇ ಇಯತ್ತೆಯ ಅಕ್ಷರ. ಆಪರೇಷನ್ ಆಗಿ ನಾಲ್ಕು ದಿನ. ಬೆರಳಿಗೆ ಸ್ಪರ್ಶ ತಿರುಗಿ ಬರಬಹುದು, ತಡವಾಗುತ್ತದೆ ಅಂದಿದ್ದಾರೆ. ನನ್ನ ತಲೆ ಬಾಚುವುದು ಹಿನಾ. ಮಣೆಯೂ ಅವಳದೇ. ಹೊಟ್ಟೆಕಿಚ್ಚು ಹೋಗಿಲ್ಲ.

ಮಧ್ಯಾಹ್ನ ಎದುರಿಗೆ ಬಂದು ಕೈ ಚಾಚಿ ಕೂತಳು.

‘ಬಿರುಸು ಕೈಗೆ ಹೆಂಗ ಇಡೂದು, ಕಲಿಸು. ನನಗ ಬರೂದಿಲ್ಲ. ಮೀನಾಂದು ಮೆತ್ತನ್ನ ಕೈ ಇತ್ತು, ಪಾರಾದೆ.’

ಎಡಗೈಯಿಂದ ಹಿಡಿದೆ. ತಕ್ಷಣ ತಿಳಿಯಿತು. ಎರಡು-ನಾಲ್ಕು. ಅವಳು ಹಾಕಿಕೊಂಡಿದ್ದು ಎರಡು ಸೈಜು ದೊಡ್ಡದು, ಎರಡು-ಎಂಟು.

ಯಾರು ಇಟ್ಟರು ಎಂದೆ. ನಿಕಾಹಕ್ಕೆ ನಮ್ಮ ಮನೆಯಿಂದ ಹೋದ ಸೂಟ್‌ಕೇಸಿನಲ್ಲಿ ಇದ್ದವಂತೆ. ತಾನೇ ಹಾಕಿಕೊಂಡಳಂತೆ.

ಬಳೆಗಾರರ ಮನೆಯ ಸೊಸೆ. ಒಂಬತ್ತು ತಿಂಗಳಲ್ಲಿ ನಾವು ಯಾರೂ ಅವಳ ಕೈ ಹಿಡಿದು ನೋಡಿಲ್ಲ. ನಾನೂ.

ಎರಡು-ನಾಲ್ಕರ ಡಬ್ಬಿ ತಂದಿಟ್ಟಿದ್ದೇನೆ. ಅಮ್ಮಿಯೂ ಬಂದು ಕೂತಿದ್ದಾಳೆ. ಇಡುವ ಮೊದಲು ಆ ಒಡೆದ ಡಜನ್ನಿನ ಮಾತು ಹೇಳಬೇಕು, ಇಬ್ಬರ ಮುಂದೆಯೇ. ಹಿನಾ ಹಳೆಯ ಬಳೆಗಳನ್ನು ತೆಗೆದಿಟ್ಟಿದ್ದಾಳೆ. ಈಗ ಸದ್ದೇ ಇಲ್ಲ. ನಾನು ಪೆನ್ನು ಕೆಳಗಿಟ್ಟು ಹೇಳುತ್ತೇನೆ.