ಕಪ್ಪಾದ ಗೆರೆಗಳು

ಮಾರ್ಚ್ ೧೧, ಬುಧವಾರ

ಅಕ್ಕಾ,

ಆರೋಗ್ಯ ಸುಧಾರಿಸಿದೆ ಎಂದಷ್ಟೇ ಬರೆದು ಈ ಕಾಗದ ಮುಗಿಸಿಬಿಡೋಣ ಎಂದುಕೊಂಡಿದ್ದೆ. ಅದು ಸುಳ್ಳೇನೂ ಆಗುತ್ತಿರಲಿಲ್ಲ. ಆದರೆ ನನಗೆ ವೈರಸ್ ಇರಲೇ ಇಲ್ಲ. ಏಳು ತಿಂಗಳಿಂದ ಇದು ನನಗೆ ಗೊತ್ತು, ನಿನಗೆ ಹೇಳಿಲ್ಲ. ತಡವಾಯಿತು ಎಂದು ಕ್ಷಮೆ ಕೇಳುವುದಕ್ಕೂ ತಡವಾಗಿದೆ.

ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ, ರಕ್ತದಿಂದ ಹರಡುವ ಲಿವರಿನ ವೈರಸ್, ಎಂದು ಬಂದಾಗ ನನಗೆ ಮೊದಲು ಹೊಳೆದದ್ದು ನೀನು. ನಿನ್ನ ಕ್ಲಿನಿಕ್ಕಿನಲ್ಲಿ ದವಡೆಹಲ್ಲು ಕೀಳಿಸಿಕೊಂಡದ್ದು ಬಿಟ್ಟರೆ ಬೇರೆಲ್ಲೂ ಸೂಜಿ ಚುಚ್ಚಿಸಿಕೊಂಡ ನೆನಪಿರಲಿಲ್ಲ. ಫೋನ್ ಮಾಡಿ, "ಇಕ್ಕಳ ಸರಿಯಾಗಿ ಕುದಿಸಿದ್ಯಾ?" ಎಂದು ಕೇಳಿದೆ. ನೀನು, "ಅದನ್ನ ಕುದಿಸೋದಲ್ಲ ಪುಟ್ಟಿ, ಹಬೆ ಯಂತ್ರದಲ್ಲಿ ಇಡೋದು. ಗುರುತು ಇಟ್ಟಿದ್ದೀನಿ, ಕಳಿಸ್ತೀನಿ" ಎಂದೆ.

ಇಕ್ಕಳದಂಥ ಸಾಮಾನಿನ ಪೊಟ್ಟಣಕ್ಕೆ ನೀನು ಅಂಟಿಸುವ ಟೇಪಿನ ಗೆರೆಗಳು ಆ ಯಂತ್ರದ ಬಿಸಿ ತಾಗಿದರೆ ಮಾತ್ರ ಕಪ್ಪಾಗುತ್ತವೆ. ಪ್ರತಿ ಸಲದ ತುಂಡನ್ನೂ ನೀನು ನೋಟ್‌ಬುಕ್ಕಿಗೆ ಅಂಟಿಸಿ ತಾರೀಖು ಹಾಕುತ್ತೀಯೆಂದು ನಾವೆಲ್ಲ ನಗುತ್ತಿದ್ದೆವು. ನನ್ನ ಹಲ್ಲು ಕಿತ್ತ ದಿನದ ಹಾಳೆಯನ್ನೇ ನೀನು ಹರಿದು ಕಳಿಸಿದೆ. ತಾರೀಖು ಯಾರು ಬೇಕಾದರೂ ಬರೆಯಬಹುದು ಎಂದುಕೊಂಡು ನಾನು ಅದನ್ನು ಮೇಜಿನ ಡ್ರಾಯರಿಗೆ ಹಾಕಿದೆ.

ಚಿಕಿತ್ಸೆ ಶುರುಮಾಡುವ ಮೊದಲು ಹೊಸ ಡಾಕ್ಟರು ವೈರಸ್ಸನ್ನೇ ನೇರವಾಗಿ ಹುಡುಕುವ ಪರೀಕ್ಷೆ ಮಾಡಿಸಿದರು. ಇರಲಿಲ್ಲ. ಇನ್ನೊಮ್ಮೆ ಮಾಡಿಸಿದರು, ಆಗಲೂ ಇರಲಿಲ್ಲ. ಲಿವರಿನ ಚೂರು ತೆಗೆದು ನೋಡಿದ ಮೇಲೆ ಹೇಳಿದರು: "ನಿಮ್ಮ ದೇಹದ ಕಾವಲುಗಾರರೇ ನಿಮ್ಮ ಲಿವರ್ ಮೇಲೆ ಬಿದ್ದಿದ್ದಾರೆ. ಅವರ ಗದ್ದಲ ಜಾಸ್ತಿಯಾದಾಗ ಮೊದಲ ಪರೀಕ್ಷೆ ಕೆಲವು ಸಲ ಮೋಸ ಹೋಗುತ್ತೆ, ಇಲ್ಲದ ವೈರಸ್ಸನ್ನ ಇದೆ ಅನ್ನುತ್ತೆ."

ನಾನು ಬಿಡಲಿಲ್ಲ. "ವೈರಸ್ ಬಂದು ಹೋಗಿ, ಅದೇ ಇದಕ್ಕೆ ಕಿಡಿ ಹೊತ್ತಿಸಿರಬಹುದಲ್ವಾ?"

"ಕೆಲವರಲ್ಲಿ ಹಾಗೆ ಆಗಿರಬಹುದು ಅನ್ನೋ ಅನುಮಾನ ಇದೆ. ನಿಮ್ಮಲ್ಲಿ ಅದಕ್ಕೆ ಗುರುತೇನೂ ಸಿಕ್ಕಿಲ್ಲ. ಯಾಕಮ್ಮಾ, ವೈರಸ್ಸೇ ಆಗಿರಬೇಕಿತ್ತಾ?"

ಉತ್ತರ ನನ್ನ ಬಳಿ ಇತ್ತು. ಮಾತ್ರೆ ಯಾವಾಗ ಶುರು ಎಂದು ಕೇಳಿದೆ.

ಈಗ ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿದೆ. ಔಷಧದ ಪೆಟ್ಟಿಗೆಯೊಳಗಿನ ಚೀಟಿಗಳ ಕರಡು ತಿದ್ದುವುದು ನನ್ನ ಕೆಲಸವಲ್ಲವೇ, ಈ ಮಾತ್ರೆಯದನ್ನೂ ತಿದ್ದಿದ್ದೆ. 'ಮುಖ ದುಂಡಗಾಗಬಹುದು' ಎಂಬಲ್ಲಿ ಒಂದು ಅಲ್ಪವಿರಾಮ ಸೇರಿಸಿದ ನೆನಪು. ಮೊನ್ನೆ ಆಫೀಸಿನ ಲಿಫ್ಟಿನವರು, "ಮೇಡಂ ಈಗ ಮೈ ಕೈ ತುಂಬ್ಕೊಂಡಿದ್ದೀರಿ, ಮನೆ ಊಟ ಹಿಡಿಸಿದೆ" ಎಂದರು. ಆ ದಿನ ಯಾರಾದರೂ ನನ್ನೊಡನೆ ಆಡಿದ ಮಾತು ಅದೊಂದೇ. ಕಾಫಿ ಕಪ್ಪಿನಿಂದ ಆ ವೈರಸ್ ಹರಡುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರೂ, ಬೇರೆಯವರು ಮುಟ್ಟದಿರಲಿ ಎಂದು ನನ್ನ ಕಪ್ಪಿನ ಹಿಡಿಕೆಗೆ ಕೆಂಪು ದಾರ ಕಟ್ಟಿದ್ದೆ. ಇನ್ನೂ ಬಿಚ್ಚಿಲ್ಲ. ಮನೆಯಲ್ಲಿ ಬೇರೆಯವರೇ ಇಲ್ಲ.

ನಿನ್ನೆ ಚಿಕ್ಕಮ್ಮ ಫೋನ್ ಮಾಡಿದ್ದರು. "ಯಾರೋ ಹೆಸರು ಹಾಕದೆ ಆರೋಗ್ಯ ಕಚೇರಿಗೆ ದೂರು ಬರೆದು ಕ್ಲಿನಿಕ್ ಮುಚ್ಚಿಸಿ ಹತ್ತು ತಿಂಗಳಾಯ್ತು. ಈಗ ನಿಮ್ಮಕ್ಕ ಆ ಹಲ್ಲು ಕೀಳೋ ಕುರ್ಚೀನೂ ಮಾರ್ತಾಳಂತೆ ಕಣೇ. ತಿಂಗಳ ಕೊನೇಲಿ ಬಂದು ಬಿಚ್ಕೊಂಡು ಹೋಗ್ತಾರಂತೆ."

ಮಾರಬೇಡ ಅಕ್ಕಾ. ಆ ಹಾಳೆಯನ್ನು ಜೊತೆಗಿಟ್ಟಿದ್ದೇನೆ, ಮತ್ತೆ ನೋಟ್‌ಬುಕ್ಕಿಗೆ ಅಂಟಿಸಿಕೋ. ಇವತ್ತು ಕನ್ನಡಕ ಹಾಕಿಕೊಂಡು ನೋಡಿದೆ. ಒಂದೂ ಬಿಡದೆ ಎಲ್ಲ ಗೆರೆಗಳೂ ಕಪ್ಪಾಗಿವೆ.

ಭಾವನಿಗೆ ನಮಸ್ಕಾರ. ನಿನ್ನ ಕೈಗೆ ಬೇಗ ಕೆಲಸ ಸಿಗಲಿ.

ನಿನ್ನ
ಪುಟ್ಟಿ

ತಾ.ಕ.: ಆ ದೂರು ಬರೆದದ್ದು ನಿನ್ನ ರೋಗಿಗಳಲ್ಲಿ ಯಾರೂ ಅಲ್ಲ, ನಾನು. ತಪಾಸಣೆಯವರು ಬಂದುಹೋದ ಸಂಜೆ ನೀನು ನನಗೇ ಫೋನ್ ಮಾಡಿ, "ಯಾರಿರಬಹುದು ಪುಟ್ಟಿ?" ಎಂದು ಕೇಳಿದೆ. "ಯಾರೋ ಆಗದವರು" ಎಂದೆ ನಾನು. ಆಮೇಲೆ ನಿನ್ನ ಫೋನ್ ಎತ್ತಲಿಲ್ಲ. ಬರುವ ಸೋಮವಾರ, ಮಾರ್ಚ್ ೧೬ಕ್ಕೆ, ರಜೆ ಹಾಕಿದ್ದೇನೆ. ಆರೋಗ್ಯ ಕಚೇರಿಗೆ ಹೋಗಿ, ದೂರು ತಪ್ಪು ಎಂದು ನನ್ನ ಹೆಸರು ಹಾಕಿ ಬರೆದುಕೊಟ್ಟು, ಅದರ ಪ್ರತಿಯನ್ನೂ ಈ ಲಕೋಟೆಯಲ್ಲಿಟ್ಟು ಅಲ್ಲಿಂದಲೇ ಅಂಚೆಗೆ ಹಾಕುತ್ತೇನೆ.